ಎದುರುಭಾರ – ೭: ದಡದ ಮೇಲೆ ಆಡಬಾರದ ಮಾತು

"ಇನ್ನೊಂದು ಸಲ ತೋರಿಸಿ," ಎಂದರು ತೂಕದ ಸಾಹೇಬರು.

"ಮೂರು ಸಲ ಆಯ್ತಲ್ಲ ಸಾಹೇಬ್ರೆ. ಬಾಗಿಲೇ ಕಿತ್ಕೊಂಡು ಬಂದೀತು."

"ಬರಲ್ಲ. ತೋರಿಸಿ."

ಜಮೀನಿನ ಯಜಮಾನ ಪಂಪ್‌ಶೆಡ್ಡಿನ ತಗಡಿನ ಬಾಗಿಲ ಮುಂದೆ ಮತ್ತೆ ಕುಕ್ಕರಿಸಿದ. ಅಂದು ಅವನು ಕುಳಿತಿದ್ದದ್ದೂ ಅಲ್ಲಿಯೇ, ಬಾವಿಗೆ ಬೆನ್ನು ಮಾಡಿ, ಪಂಪಿನ ವಾಷರು ಬದಲಿಸುತ್ತ. ಹರೆಯದಲ್ಲಿ ಬ್ಯಾಂಡ್ ಸೆಟ್ಟಿನಲ್ಲಿ ಡ್ರಮ್ಮು ಬಾರಿಸಿದ ಕೈ ಅವನದು. "ನನ್ನ ಬಾಯಿ ಸುಳ್ಳು ಹೇಳ್ಬೋದು, ಕೈ ತಪ್ಪಲ್ಲ" ಎಂದು ಬೆಳಿಗ್ಗೆಯಿಂದ ಎರಡು ಸಲ ಹೇಳಿದ್ದ.

"'ಹೋಗ್ಲಿ ಬಿಡು' ಅಂತ ಮಾತು ಕೇಳ್ತು." ಬೆರಳಿನಿಂದ ತಗಡಿಗೆ ಒಂದು ಸಣ್ಣ ಏಟು. "ಒಂದು." ಅಂಗೈಯಿಂದ ದೊಡ್ಡ ಏಟು. "ಧಡ್! ಅಷ್ಟೇ."

ಸಾಹೇಬರು ಗಡಿಯಾರ ನೋಡಿದರು. ನಾಲ್ಕು ಸಲವೂ ಅದೇ. ಮಾತಿಗೂ ಸದ್ದಿಗೂ ನಡುವೆ ಒಂದೇ ಒಂದು ಎಣಿಕೆ.

ಬುಧವಾರ ಮಧ್ಯಾಹ್ನ ಈ ಬಾವಿಯ ತಳದಲ್ಲಿ ಬಂಡೆ ಒಡೆಯುತ್ತಿದ್ದ ಹಿರಿಯ, ಕಲ್ಲು ತುಂಬಿದ ಬುಟ್ಟಿ ತಲೆಯ ಮೇಲೆ ಬಿದ್ದು ಸತ್ತಿದ್ದ. ದಡದಲ್ಲಿ ಹಗ್ಗ ಹಿಡಿದಿದ್ದವನು ಅವನ ಒಡಹುಟ್ಟಿದ ತಮ್ಮ, ಕಿರಿಯ. ಅಂದಿನಿಂದ ಠಾಣೆಯ ಮೂಲೆಯಲ್ಲಿ ಕುಳಿತ ಅವನ ಬಾಯಲ್ಲಿ ಒಂದೇ ಮಾತು: "ನಾನೇ ಬಿಟ್ಟೆ." ಬಂಧನ ಎಂದು ಬರೆದದ್ದು ನಿನ್ನೆ ಸಂಜೆ; ಇಂದು ಶನಿವಾರ. ಮೂರು ಗಂಟೆಗೆ ಜೀಪು ಅವನನ್ನು ಕೋರ್ಟಿಗೆ ಒಯ್ಯುತ್ತದೆ. ಕಾಗದದ ಮೇಲೆ ಕೊಲೆ ಎಂದು ಒಮ್ಮೆ ಬಿದ್ದರೆ ಆ ಅಕ್ಷರ ಅಳಿಸುವವರು ಯಾರೂ ಇಲ್ಲ.

"ಸಾರ್, ಇದರಲ್ಲಿ ತೂಗೋದಕ್ಕೆ ಏನಿದೆ?" ಎಂದ ನೆರಳಿನಲ್ಲಿ ಕುಳಿತ ಹೆಡ್ ಕಾನ್ಸ್‌ಟೇಬಲ್. ಹೊಟ್ಟೆಯ ಮೇಲೆ ಕಡತವಿಟ್ಟುಕೊಂಡೇ ಬರೆಯುವಷ್ಟು ಅನುಕೂಲಸ್ಥ. "ಅದಕ್ಕೆ ಮುಂಚೆ ಎರಡು ದಿನ ಅಣ್ಣ ತಮ್ಮ ಊರಿಗೆಲ್ಲ ಕೇಳೋ ಹಾಗೆ ಬೈದಾಡಿದಾರೆ. ಇವನು ಭಾರ ಭಾರ ಅಂತಾನೆ, ಅವನು ಕೆಳಗಿನಿಂದ ಮೈಗಳ್ಳ ಅಂತಾನೆ. ಕೊನೆಗೆ ಅವನು ಬೇಜಾರಾಗಿ 'ಹೋಗ್ಲಿ ಬಿಡು' ಅಂದ. ಇವನು ನಿಜವಾಗ್ಲೂ ಬಿಟ್ಟ. ಅಣ್ಣನ ಮಾತನ್ನ ಚಾಚೂ ತಪ್ಪದೆ ನಡೆಸಿದ ತಮ್ಮ. ಇದಕ್ಕಿಂತ ವಿಧೇಯ ತಮ್ಮ ಎಲ್ಲಿ ಸಿಗ್ತಾನೆ?"

ತನ್ನ ಮಾತಿಗೆ ತಾನೇ ನಕ್ಕ. ಯಾರೂ ಜೊತೆಗೂಡಲಿಲ್ಲ.

ಸಾಹೇಬರು ಮೂವತ್ತು ವರ್ಷ ಸಂತೆಯಿಂದ ಸಂತೆಗೆ ಅಲೆದು ವ್ಯಾಪಾರಿಗಳ ತೂಕದ ಕಲ್ಲುಗಳಿಗೆ ಮುದ್ರೆ ಒತ್ತಿದವರು. ತಕ್ಕಡಿಯ ಅಡಿಯಲ್ಲಿ ಅಂಟಿಸಿದ ಹುಣಸೆ ಬೀಜದಷ್ಟು ಮೇಣವನ್ನೂ ಕಂಡುಹಿಡಿದವರು. ನಿವೃತ್ತಿಯಾದ ಮೇಲೂ ಭಾರ, ಹಗ್ಗ, ತಕ್ಕಡಿ ಎಂಬ ಮಾತು ಬಂದ ಕಡೆ ಠಾಣೆಯವರು ಅವರನ್ನು ಕರೆಯುತ್ತಿದ್ದರು. ಹಳೆಯ ಚೀಲದಲ್ಲಿ ಸ್ಪ್ರಿಂಗ್ ತಕ್ಕಡಿಯೊಂದನ್ನು ಇಟ್ಟುಕೊಂಡು ನಡೆದೇ ಬರುತ್ತಿದ್ದರು.

ಅವರು ಬಾವಿಯ ದಡಕ್ಕೆ ಬಂದು ತಲೆಯೆತ್ತಿ ನೋಡಿದರು.

ಎರಡು ಕಂಬ, ಅಡ್ಡಕ್ಕೆ ಒಂದು ತೊಲೆ, ತೊಲೆಯ ನಡುವೆ ರಾಟೆ. ರಾಟೆಯ ಮೇಲೆ ಒಂದೇ ಹಗ್ಗ. ಹಗ್ಗದ ಒಂದು ತುದಿಗೆ ಕಬ್ಬಿಣದ ಬುಟ್ಟಿ, ಇನ್ನೊಂದು ತುದಿಗೆ ಮುಚ್ಚಳವಿರುವ ಒಂದು ಡಬ್ಬ. ಬುಟ್ಟಿ ಮೇಲೆ ಬಂದಾಗ ಡಬ್ಬ ತಳಕ್ಕಿಳಿಯುತ್ತದೆ, ಬುಟ್ಟಿ ಇಳಿದಾಗ ಡಬ್ಬ ಮೇಲೇರುತ್ತದೆ. ಆ ಅಣ್ಣತಮ್ಮಂದಿರ ಅಪ್ಪನ ಕಾಲದಿಂದ ನಡೆದುಬಂದ ಏರ್ಪಾಡು. ಅದಕ್ಕೆ ಅವರು ಎದುರುಡಬ್ಬ ಎನ್ನುತ್ತಿದ್ದರು. ಒಂದೊಂದು ಬಾವಿ ಮುಗಿದಾಗಲೂ ಸವೆದ ಹಾರೆಯ ಮೊನೆಯನ್ನು ಕತ್ತರಿಸಿ ಅದರೊಳಗೆ ಹಾಕುವುದು ಅಪ್ಪನ ರೂಢಿ. ಡಬ್ಬದ ಹೊಟ್ಟೆಯಲ್ಲಿ ಇದ್ದದ್ದು ಒಬ್ಬ ಮನುಷ್ಯನ ಇಡೀ ಆಯುಸ್ಸಿನ ಕಬ್ಬಿಣ.

"ಹೆಡ್ ಸಾಹೇಬ್ರೆ, ತಕ್ಕಡೀಲಿ ಒಂದು ಕಡೆ ಐವತ್ತು ಕಿಲೋ, ಇನ್ನೊಂದು ಕಡೆ ಮೂವತ್ತು ಇಟ್ರೆ ಏನಾಗುತ್ತೆ?"

"ಐವತ್ತರ ಕಡೆ ಕೆಳಗೆ ಹೋಗುತ್ತೆ. ನನ್ನ ಮಗಳೂ ಹೇಳ್ತಾಳೆ."

"ಹೇಗೆ ಹೋಗುತ್ತೆ?"

"ಹೇಗೆ ಅಂದ್ರೆ? ಹೋಗುತ್ತೆ."

"ಅಲ್ಲೇ ಇರೋದು. ಬರೀ ಇಪ್ಪತ್ತರ ಜಗಳ ಅದು. ಆ ಇಪ್ಪತ್ತು ಕಿಲೋ ಎರಡೂ ಕಡೆಯ ಎಂಬತ್ತನ್ನೂ ಎಳ್ಕೊಂಡು ಹೋಗ್ಬೇಕು. ಅದರ ಮೇಲೆ ಈ ರಾಟೆಯ ತುಕ್ಕು ಬೇರೆ. ಕೈ ತಪ್ಪಿದ್ರೂ ಬುಟ್ಟಿ ಬೀಳಲ್ಲ, ಇಳಿಯುತ್ತೆ. ಬಾವಿ ಐವತ್ತು ಅಡಿ. ಒಂದೇ ಎಣಿಕೆಗೆ ಹೇಗೆ ತಳ ಸೇರ್ತು?"

ಹೆಡ್ ಕಡತದಿಂದ ತಲೆಯೆತ್ತಿದ.

ಡಬ್ಬದ ಬದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದಿತ್ತು: ೩೦. ಸಾಹೇಬರು ತಮ್ಮ ತಕ್ಕಡಿಯ ಕೊಕ್ಕೆಯನ್ನು ಅದರ ಹಿಡಿಗೆ ಸಿಕ್ಕಿಸಿ, ಯಜಮಾನನ ಸಹಾಯದಿಂದ ಎತ್ತಿದರು. ಮುಳ್ಳು ಸ್ವಲ್ಪ ಹೊಯ್ದಾಡಿ ನಿಂತಿತು.

ಹದಿನಾರು.

"ಇನ್ನೊಂದು ಸಲ," ಎಂದರು ಸಾಹೇಬರು, ಯಾರಿಗೂ ಅಲ್ಲದೆ. ಇನ್ನೊಂದು ಸಲವೂ ಹದಿನಾರು.

ಅಷ್ಟರಲ್ಲಿ ಬದುವಿನ ಮೇಲೆ ಅವಳು ಬಂದಳು.

ಹಿರಿಯನ ಹೆಂಡತಿ. ಊರೂರು ಸುತ್ತಿ ಬಾವಿ ತೋಡುವಾಗ ಕಿರಿಯ ಅವಳನ್ನು ಅತ್ತಿಗೆ, ಅತ್ತಿಗೆ ಎಂದು ಕೂಗಿ ಕೂಗಿ, ಈಗ ಕಂಡವರೆಲ್ಲರಿಗೂ ಅವಳು ಅತ್ತಿಗೆಯೇ. ಹಗ್ಗಕ್ಕೆ ಬುಟ್ಟಿ, ಡಬ್ಬ ಹೊಂದಿಸುವುದು ಗೊತ್ತಿರುವವರು ಉಳಿದದ್ದು ಅವಳೊಬ್ಬಳೇ ಎಂದು ಸಾಹೇಬರೇ ಹೇಳಿಕಳಿಸಿದ್ದರು.

"ಬಂದೆ," ಎಂದಳು. "ಒಂದೇ ಒಂದು ತಿಳಿಬೇಕು ನಂಗೆ. ಅವನು ಬೇಕಂತ ಮಾಡಿದ್ದಾ ಅಲ್ವಾ? ಬೇಕಂತ ಮಾಡಿದ್ರೆ ನಾನೇ ಕೋರ್ಟಿಗೆ ಬಂದು ಹೇಳ್ತೀನಿ, ನೇಣಿಗೆ ಹಾಕಿ ಅಂತ. ಎಂಟು ವರ್ಷದವನಿದ್ದಾಗಿಂದ ತುತ್ತು ಹಾಕಿ ಬೆಳೆಸಿದೀನಿ. ಆ ಕೈ ಎತ್ತೇ ಹೇಳ್ತೀನಿ."

"ಬೇಕಂತ ಅಲ್ದಿದ್ರೆ?"

ಅವಳು ಸೆರಗು ಸಿಕ್ಕಿಸಿ ಹಗ್ಗದ ಬಳಿ ಹೋದಳು.

ಅಂದಿನ ಕಲ್ಲುಗಳನ್ನು ಪೊಲೀಸರು ಮೇಲೆ ತಂದು ರಾಶಿ ಹಾಕಿದ್ದರು. ಅವನ್ನೇ ತುಂಬಿ, ಬುಟ್ಟಿಯೊಂದಿಗೆ ಐವತ್ತು ಕಿಲೋ ಸರಿಯಾಗಿ ತೂಗಿಸಿದರು. ಡಬ್ಬವನ್ನು ತಳಕ್ಕಿಳಿಸಿದರು. ಬುಟ್ಟಿ ದಡದ ಮಟ್ಟಕ್ಕೆ ಬಂದು ತೂಗಾಡಿತು. ಹಗ್ಗ ಹಿಡಿದವನು ಹೆಡ್.

"ಸಾರ್, ನನ್ನನ್ನೂ ಎಳ್ಕೊಂಡು ಒಳಗೆ ಹೋದ್ರೆ?"

"ನೀವು ತೊಂಬತ್ತು ಕಿಲೋ. ನಿಮ್ಮನ್ನ ಎಳ್ಕೊಂಡು ಹೋಗೋ ಬುಟ್ಟಿ ಇನ್ನೂ ಹುಟ್ಟಿಲ್ಲ."

"ಎಂಬತ್ತೆಂಟು ಸಾರ್." ಆದರೂ ಅವನ ಕತ್ತಿನ ನರ ಉಬ್ಬಿತ್ತು. "ಅಬ್ಬಾ, ಏನಿದು ಭಾರ! ಬಿಡ್ಲಾ ಸಾರ್?"

"ಆ ಮಾತು ಆಡ್ಬೇಡಿ!"

ಅತ್ತಿಗೆ ಚೀರಿದ್ದಳು. ಪಂಪ್‌ಶೆಡ್ಡಿನ ಮೇಲಿನ ಕಾಗೆಗಳು ಎದ್ದು ಹಾರಿದವು. ಹೆಡ್ ಹಗ್ಗವನ್ನು ಎದೆಗವಚಿಕೊಂಡು ಹಾಗೇ ಕಲ್ಲಾದ.

"ದಡದ ಮೇಲೆ ಆ ಮಾತಿಲ್ಲ," ಎಂದಳು ಅವಳು, ದನಿ ತಗ್ಗಿಸಿ. "ನಮ್ಮಲ್ಲಿ ಎಳಿ, ತಡಿ, ಸಡಿಲ. ಮೂರೇ ಮಾತು. ಬಿ ಅಂತ ಶುರುವಾಗೋದನ್ನ ಯಾರೂ ಆಡಲ್ಲ. ಕಿವಿಗೆ ಬಿದ್ರೆ ತಲೆಗೆ ಹೋಗೋಕೆ ಮುಂಚೆ ಕೈ ಕೇಳಿಬಿಡುತ್ತೆ ಅಂತಿದ್ರು ನಮ್ಮ ಮಾವ. ಅವರ ಜೊತೆಯವನೊಬ್ಬ ಮಾತಿಗೆ ಮಾತು ಬಂದು 'ಬಿಡಯ್ಯ' ಅಂದಿದ್ದನಂತೆ. ಆವತ್ತಿಂದ ಕಟ್ಟು ಮಾಡಿದ್ದು."

"ಮನೇಲೂ ಆಡಲ್ವಾ?" ಎಂದರು ಸಾಹೇಬರು.

"ನಾನು ಬಂದ ಹೊಸದರಲ್ಲಿ ಅತ್ತೆ ನನ್ನ ನಾಲಿಗೆ ಮೇಲೆ ಕಣ್ಣಿಟ್ಟಿದ್ರು. ಅಭ್ಯಾಸ ತಪ್ಪಿದ್ರೆ ದಡದಲ್ಲೂ ಬಾಯಿಗೆ ಬರುತ್ತೆ ಅಂತ. 'ಹೋಗ್ಲಿ ಇರ್ಲಿ' ಅನ್ಬೇಕು ನಾವು." ಏನೋ ನೆನಪಾಗಿ ಅವಳ ತುಟಿಯ ಕೊನೆ ಅಲುಗಿತು. "ಮದುವೆಯಾದ ಹೊಸದು. ಗಂಡ ಬಂದು ಕೈ ಹಿಡಿದ್ರೆ 'ಬಿಡಿ' ಅನ್ನೋ ಹಾಗೂ ಇರ್ಲಿಲ್ಲ."

ಹೆಡ್ ಗೊಳ್ಳನೆ ನಗಲು ಹೋಗಿ, ಕೈಯಲ್ಲಿ ಹಗ್ಗವಿರುವುದು ನೆನಪಾಗಿ ನಿಲ್ಲಿಸಿದ.

ಸಾಹೇಬರು ನಗಲಿಲ್ಲ. ಯಜಮಾನನ ಕಡೆ ತಿರುಗಿದರು. "ನೀವು ಆ ಮಾತು ಕೇಳಿದ್ದು ಖರೇನಾ?"

"ನನ್ನ ಕಣ್ಣಾಣೆ ಸಾಹೇಬ್ರೆ."

"ಹಿರಿಯನ ದನಿಯೇ?"

ಯಜಮಾನ ತಲೆ ಕೆರೆದುಕೊಂಡ. "ಮೆಲ್ಲಗೆ ಬಂದ ಮಾತು. ಬಾವಿ ಹತ್ರ ದನಿ ಯಾರದು, ಯಾವ ಕಡೆಯಿಂದ ಬಂತು ಅಂತ ಹೇಗೆ ಹೇಳ್ಲಿ? ನಾನು ಬೆನ್ನು ಮಾಡಿ ಕೂತಿದ್ದೆ. ಇದ್ದೋರು ಅವರಿಬ್ಬರೇ. ಕಿರಿಯನ ದನಿ ಅಲ್ಲ, ಹಾಗಾದ್ರೆ ಹಿರಿಯಂದು ಅಂದ್ಕೊಂಡೆ."

ಅತ್ತಿಗೆ ಬಗ್ಗಿ ಕಾಲ ಬಳಿಯ ಒಂದು ಕಲ್ಲು ಚೂರನ್ನು ಎತ್ತಿದಳು. ಅದನ್ನು ಮತ್ತೆ ಅಲ್ಲೇ ಇಟ್ಟಳು.

"ಸಡಿಲ," ಎಂದರು ಸಾಹೇಬರು.

ಹೆಡ್ ಕೈ ತೆಗೆದ. ರಾಟೆ ಕಿರ್ರೆಂದಿತು. ಸಾಹೇಬರು ಬಾಯಿ ಬಿಟ್ಟು ಎಣಿಸಿದರು. "ಒಂದು. ಎರಡು. ಮೂ—"

ಧಡ್. ಬಾವಿಯ ಬಾಯಿಂದ ಧೂಳು ಮೇಲೆದ್ದಿತು.

ಆ ಸದ್ದು ಎಲ್ಲರಿಗೂ ಗೊತ್ತಿದ್ದದ್ದೇ.

ಎರಡನೆಯ ಸಲ ಸಾಹೇಬರು ಹದಿನಾಲ್ಕು ಕಿಲೋ ಕಲ್ಲನ್ನು ಗೋಣಿಯಲ್ಲಿ ಕಟ್ಟಿ ಡಬ್ಬಕ್ಕೆ ಬಿಗಿದರು. ಈಗ ಎದುರುಭಾರ ಮೂವತ್ತು. ಹಗ್ಗ ಎಳೆಯುವಾಗ ಹೆಡ್, "ಏನ್ ಸಾರ್, ಅದೇ ಬುಟ್ಟಿನಾ ಇದು? ಹೂವಿನ ಹಾಗಿದೆಯಲ್ಲ" ಎಂದ.

"ಸಡಿಲ. ಒಂದು. ಎರಡು. ಮೂರು. ನಾಲ್ಕು."

ಐದಕ್ಕೆ ಸದ್ದಾಯಿತು. ಈ ಸಲ ಧೂಳೂ ಸೋಮಾರಿಯಂತೆ ಎದ್ದಿತು.

"ಕೆಳಗೆ ಗೋಡೆಯಲ್ಲಿ ಒಂದು ಗೂಡು ಕೊರೆದಿದೆಯಲ್ಲಮ್ಮ," ಎಂದರು ಸಾಹೇಬರು. "ಯಾತಕ್ಕೆ?"

"ಬುಟ್ಟಿ ಏರೋವಾಗ, ಇಳಿಯೋವಾಗ ಕೆಳಗಿದ್ದವರು ಅದರೊಳಗೆ ನಿಲ್ಬೇಕು. ಕೆಲಸ ಮಾಡ್ತಾ ಇದ್ರೂ ರಾಟೆ ಸದ್ದು ಜೋರಾದ್ರೆ ಓಡಿಹೋಗಿ ಸೇರ್ಕೋಬೋದು. ಮೂರು ಹೆಜ್ಜೆ." ಅವಳ ಕಣ್ಣು ರಾಟೆಯ ಮೇಲೆ ನಿಂತಿತ್ತು. "ಹಗ್ಗ ಎಷ್ಟೋ ಸಲ ಜಾರಿದೆ. ಮಾವನವರ ಕೈಯಲ್ಲೂ, ಇವನ ಕೈಯಲ್ಲೂ. ಯಾರಿಗೂ ಏನೂ ಆಗಿಲ್ಲ. ಎಣಿಸ್ಕೊಂಡು ಹೋದ್ರೂ ಮೂರಕ್ಕೆ ಗೂಡು ಸೇರ್ತಾರೆ."

"ಬುಟ್ಟಿ ಐದಕ್ಕೆ ಬರುತ್ತೆ. ಗೂಡು ಮೂರಕ್ಕೆ ಸಿಗುತ್ತೆ. ಆದರೆ ಬುಧವಾರ ಬುಟ್ಟಿ ಮೂರಕ್ಕೂ ಕಾಯ್ಲಿಲ್ಲ. ನಿಮ್ಮ ಗಂಡನ್ನ ಕೊಂದದ್ದು ಆ ಮಾತಲ್ಲ ತಾಯಿ. ಯಾರು ಆಡಿದ್ರೂ ಸರಿ. ಈ ಡಬ್ಬ ಮೂವತ್ತಿದ್ದಿದ್ರೆ ಆ ಮಾತಿಗೆ ಯಾರೂ ಸಾಯ್ತಿರ್ಲಿಲ್ಲ."

ಅವಳು ಹಾಗೇ ನೆಲದ ಮೇಲೆ ಕುಳಿತಳು. ಅಳಲಿಲ್ಲ. ಮೊಣಕಾಲು ಅಪ್ಪಿಕೊಂಡು, ಬಾವಿಗೆ ಹೇಳುವಂತೆ ಹೇಳಿದಳು.

"ಅಂದಿದ್ದು ನಾನು."

ಹೆಡ್ ಪೆನ್ನು ತೆಗೆದ. ಸಾಹೇಬರು ಕೈಯೆತ್ತಿ ತಡೆದರು.

"ಊಟ ತಂದಿದ್ದೆ. ಬಾವಿಯಿಂದ ತೆಗೆದ ದೊಡ್ಡ ಕಲ್ಲು ರಾಶಿ ಹಿಂದಿಂದ ಬಂದೆ. ಇವನು ನನ್ನ ಕಡೆ ಬೆನ್ನು ಮಾಡಿ ಹಗ್ಗ ಹಿಡ್ಕೊಂಡಿದ್ದ. ಭುಜ ಅಲುಗ್ತಿತ್ತು. ಅಳ್ತಾ ಇದ್ದ ಸಾಹೇಬ್ರೆ, ಅಷ್ಟು ದೊಡ್ಡ ಗಂಡಸು. ಕೆಳಗಿಂದ ಅವರು ಬೈತಾನೇ ಇದ್ರು. 'ಹಗ್ಗ ಎಳೆಯೋದು ಹೆಂಗಸರ ಕೆಲಸ, ಅದೂ ಆಗಲ್ವೇನೋ ನಿಂಗೆ' ಅಂತ. ನಂಗೆ ಕರುಳು ಚುರ್ ಅಂತು." "ಹದಿನೆಂಟು ವರ್ಷ ಕಟ್ಟಿಟ್ಟಿದ್ದ ನಾಲಿಗೆ. ನಮ್ಮಮ್ಮ ನಂಗೆ ಸಮಾಧಾನ ಮಾಡೋವಾಗ ಅಂತಿದ್ದ ಮಾತು ಹೊರಗೆ ಬಂದುಬಿಡ್ತು. ಹೋಗ್ಲಿ ಬಿಡು, ಅಂದೆ. ಬುಟ್ಟಿ ಹೋಯ್ತು."

ಯಜಮಾನ ತಲೆಗೆ ಸುತ್ತಿದ್ದ ಟವೆಲು ತೆಗೆದು ಕೈಯಲ್ಲಿ ಹಿಡಿದ.

"ಜನ ಸೇರೋಕೆ ಮುಂಚೆ ಅವನು ನನ್ನ ಕೈ ಹಿಡ್ಕೊಂಡು, 'ನೀವು ಇಲ್ಲಿ ಇರ್ಲೇ ಇಲ್ಲ ಅತ್ತಿಗೆ, ಸದ್ದು ಕೇಳಿ ಬಂದ್ರಿ' ಅಂದ. ನಾನು ಒಪ್ಕೊಂಡೆ. ಮೂರು ದಿನದಿಂದ ನಾನೇ ಗಂಡನ್ನ ತಿಂದೆ ಅಂತ ಗೊತ್ತಿದ್ದೂ, ಜನರ ಮುಂದೆ ಅವನು ಬೇಕಂತ ಮಾಡಿದ್ನಾ ಅಂತ ಕೇಳ್ತಾ ತಿರುಗ್ತಿದೀನಿ. ಬೇಕಂತ ಮಾಡಿದ್ರೆ ನನ್ನ ಮಾತಿನ ಪಾಪ ಕಳೀತದಲ್ಲ ಅಂತ. ಥೂ, ನಂದೂ ಒಂದು ಜನ್ಮ."

ಅವಳ ಮಾತಿಗೆ ಸಮಾಧಾನ ಹೇಳಲು ಅಲ್ಲಿದ್ದವರಿಗೆ ಒಂದೇ ಮಾತು ಗೊತ್ತಿತ್ತು. ಆ ಮಾತನ್ನು ಈಗ ಯಾರೂ ಆಡುವಂತಿರಲಿಲ್ಲ.

ಸಾಹೇಬರು ಡಬ್ಬವನ್ನು ಮೇಲೆ ಎಳೆಸಿ ಮುಚ್ಚಳ ತೆಗೆದರು.

ಮೇಲೆ ಹಾರೆಯ ಮೊನೆಗಳು ಒತ್ತೊತ್ತಾಗಿ ಜೋಡಿಸಿದ್ದವು, ನೋಡಿದವರಿಗೆ ಡಬ್ಬ ತುಂಬಿದೆ ಎನ್ನಿಸುವಂತೆ. ಅವನ್ನು ಒಂದೊಂದಾಗಿ ಹೊರಗಿಟ್ಟರು. ಮೂರು ಪದರದ ಕೆಳಗೆ ಒಂದು ಗೋಣಿಯ ಗಂಟು. ಎತ್ತಿದರೆ ಕೂಸಿನಷ್ಟೂ ಭಾರವಿಲ್ಲ. ಬದಿಯ ತೂತಿನಿಂದ ಭತ್ತದ ಹೊಟ್ಟು ಉದುರಿತು.

ಹೆಡ್ ಎದ್ದೇಬಿಟ್ಟ. "ಸಾರ್! ಇನ್ನೇನು ಬೇಕು? ಬಾಯಿ ತಪ್ಪಿ ಬಂದ ಮಾತು, ಕೈ ತಪ್ಪಿ ಹೋದ ಹಗ್ಗ, ಅದನ್ನೆಲ್ಲ ಒಪ್ಕೊಳ್ಳೋಣ. ಆದ್ರೆ ಕಬ್ಬಿಣ ತೆಗೆದು ಹೊಟ್ಟು ತುಂಬೋದು ಬಾಯಿ ತಪ್ಪಿ ಆಗುತ್ತಾ? ಡಬ್ಬ ಇರೋದು ದಡದವನ ಕಡೆ. ಇದು ಹೊಂಚಿ ಮಾಡಿದ ಕೊಲೆ. ನಾನು ಬರೆದದ್ದಕ್ಕಿಂತ ಎರಡು ಕಲಂ ಜಾಸ್ತಿ."

ಅತ್ತಿಗೆಯ ಮುಖ ಬಿಳಿಚಿತು. ತನ್ನ ತಲೆಯ ಮೇಲಿನ ಪಾಪ ಇಳಿದದ್ದು ಮೈದುನನ ಕೊರಳಿಗೆ ಹಗ್ಗವಾಗುವುದಕ್ಕೆ ಎಂದು ಅವಳಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನಿಮ್ಮ ಕೈ ತೋರಿಸಿ," ಎಂದರು ಸಾಹೇಬರು ಹೆಡ್‌ಗೆ.

"ಯಾಕೆ?"

"ತೋರಿಸಿ. ಮೊದಲನೇ ಬುಟ್ಟಿ ಎಳೆದ ಕೈ."

ಹೆಡ್‌ನ ಅಂಗೈ ಕೆಂಪಗೆ ಕಂದಿತ್ತು.

"ಒಂದು ಬುಟ್ಟಿಗೆ ಹೀಗಾಯ್ತು. ದಿನಕ್ಕೆ ಅರವತ್ತು ಬುಟ್ಟಿ ಎಳೀತಿದ್ದ ಅವನು. ಇಪ್ಪತ್ತು ಕಿಲೋ ಎಳೀಬೇಕಾದಲ್ಲಿ ಮೂವತ್ತನಾಲ್ಕು. ಡಬ್ಬ ಹಗುರ ಮಾಡಿದ್ರೆ ಮೊದಲು ಸಾಯೋದು ಮೇಲಿನವನು. ಬೆಳಿಗ್ಗೆ ಲಾಕಪ್ಪಿನಲ್ಲಿ ನೋಡಿದಾಗ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಏನದು ಅಂದದ್ದಕ್ಕೆ ನೀವೇ ಹೇಳಿದ್ರಿ, ಬೊಬ್ಬೆ ಅಂತ. ತನ್ನ ಕೈ ತಾನೇ ಸುಲ್ಕೊಂಡು, ಮೈಗಳ್ಳ ಅನ್ನಿಸ್ಕೊಂಡು, ಎರಡು ದಿನ ಕಾದು ಕೊಲ್ಲೋನು ಯಾರು? ಇದು ಅವನನ್ನ ದಣಿಸೋಕೆ ಮಾಡಿದ್ದು. ಯಾರನ್ನೂ ಕೊಲ್ಲೋಕಲ್ಲ."

"ಹಾಗಾದ್ರೆ ಮಾಡಿದ್ದು ಯಾರು?"

ಸಾಹೇಬರು ಗೋಣಿಯ ಗಂಟನ್ನು ಅತ್ತಿಗೆಯ ಮುಂದಿಟ್ಟರು. ಬಾಯಿಗೆ ಬಿಗಿದ ಹುರಿಯ ಸುತ್ತು ಎಲ್ಲರೂ ಸುತ್ತುವ ದಿಕ್ಕಿಗಿರಲಿಲ್ಲ. ಎಡಗೈಯವರು ಹಾಕುವ ಗಂಟು.

"ನಿಮ್ಮ ಮೈದುನ ಎಡಚನೇ ತಾಯಿ?"

ಅವಳು ಗಂಟನ್ನು ಮುಟ್ಟಲಿಲ್ಲ. ಆ ಗಂಟನ್ನು ಅವಳು ಹದಿನೆಂಟು ವರ್ಷ ಅಕ್ಕಿ ಚೀಲದ ಮೇಲೆ, ಬುತ್ತಿಯ ಬಟ್ಟೆಯ ಮೇಲೆ ಬಿಚ್ಚಿದ್ದಳು. ಬಿಚ್ಚಲಾಗದೆ ಬೈದ ದಿನಗಳೂ ಇದ್ದವು.

ಆಡಿದರೆ ಸತ್ತ ಗಂಡನ ಮಾನ ಹೋಗುತ್ತದೆ. ಆಡದಿದ್ದರೆ ಬದುಕಿರುವ ಮೈದುನನ ಜೀವ. ಸಾಹೇಬರು ಅವಸರ ಮಾಡಲಿಲ್ಲ. ಮುಳ್ಳು ನಿಲ್ಲುವವರೆಗೆ ಕಾಯುವುದೇ ಅವರ ಕಸುಬು.

"ಸೋಮವಾರ ಸಂಜೆ," ಎಂದಳು ಕೊನೆಗೆ, "ಒಂದು ಚೀಲ ಹೊತ್ಕೊಂಡು ಬಂದ್ರು. ಸೌದೆ ಹಿಂದೆ ಇಟ್ರು. ಏನ್ರೀ ಅದು ಅಂದೆ. ಹಳೇ ಕಬ್ಬಿಣ ಅಂದ್ರು. ಹಿಂದಿನ ದಿನ ಅಣ್ಣ ತಮ್ಮಂಗೆ ಜೋರು ಮಾತಾಗಿತ್ತು. ಇನ್ಮೇಲೆ ನಾನೂ ತಳಕ್ಕೆ ಇಳೀತೀನಿ, ಒಂದಿನ ನೀನು ಒಂದಿನ ನಾನು ಅಂದಿದ್ದ ಇವನು. ಅದು ಅವರಿಗೆ ಉರಿದುಹೋಗಿತ್ತು. 'ಮೇಲೆ ತಣ್ಣಗೆ ನಿಂತೋನಿಗೆ ಭಾರ ಅಂದ್ರೆ ಏನು ಅಂತ ನಾಕು ದಿನ ಗೊತ್ತಾಗ್ಲಿ, ಆಮೇಲೆ ತಳದ ಮಾತು' ಅಂದ್ರು." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ನಂಗೆ ಅರ್ಥ ಆಗ್ಲಿಲ್ಲ. ಅವರಿಗೆ ತಮ್ಮ ಅಂದ್ರೆ ಪ್ರಾಣ ಸಾಹೇಬ್ರೆ. ಆದ್ರೆ ತಮ್ಮ ತಮ್ಮನ ಹಾಗೇ ಇರ್ಬೇಕು, ಅಷ್ಟೇ."

"ಸತ್ತವನೇ?" ಎಂದ ಹೆಡ್. "ತಾನು ತೆಗೆದ ಭಾರ ತನ್ನ ತಲೆ ಮೇಲೇ?" ಕುಳಿತ. ಬರೆದದ್ದರ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದ. "ಹಾಗಾದ್ರೆ ಕಿರಿಯಂದು ಏನೂ ಇಲ್ಲ. ಅಣ್ಣ ಕಬ್ಬಿಣ ತೆಗೆದ, ಅತ್ತಿಗೆ ಮಾತು ಜಾರಿದ್ರು, ಇವನ ಕೈ ಕೇಳ್ತು. ಮುಗೀತಲ್ಲ ಸಾರ್?"

ಸಾಹೇಬರು ಬಾವಿಯೊಳಗೆ ಇಣುಕಿದರು.

ಅವರ ಮನಸ್ಸು ಬೇರೆ ಕಡೆ ಇತ್ತು. ಹಗುರ ಡಬ್ಬದೊಂದಿಗೆ ಬುಟ್ಟಿ ತಳ ಸೇರಿದ್ದು ಎರಡು ದಾಟಿ ಮೂರರ ಹತ್ತಿರ. ಆದರೆ ಡ್ರಮ್ಮು ಬಾರಿಸಿದ ಆ ಕೈ ನಾಲ್ಕು ಸಲವೂ ತೋರಿಸಿದ್ದು ಒಂದು. ಮಾತು, ಒಂದು, ಧಡ್. ಇನ್ನೂ ಒಂದೂವರೆ ಎಣಿಕೆಗಿಂತ ಹೆಚ್ಚು ಎಲ್ಲಿ ಹೋಯಿತು?

ಅದಕ್ಕೆ ಒಂದೇ ಉತ್ತರ. ಅತ್ತಿಗೆ ಬಾಯಿ ತೆರೆಯುವ ಹೊತ್ತಿಗಾಗಲೇ ಬುಟ್ಟಿ ಹೊರಟಿತ್ತು.

ಬದುವಿನ ಆಚೆ ಜೀಪು ಬಂದು ನಿಂತಿತು. ಕೋರ್ಟಿಗೆ ಹೋಗುವ ದಾರಿಯಲ್ಲಿ ಜಾಗ ತೋರಿಸಲೆಂದು ಕಿರಿಯನನ್ನು ಕರೆತಂದಿದ್ದರು. ಕೈಗೆ ಕೋಳ, ಕೋಳದ ಕೆಳಗೆ ಕೊಳಕು ಬಟ್ಟೆಯ ಸುತ್ತು. ನಿದ್ದೆಯಿಲ್ಲದ ಕಣ್ಣು ಮೊದಲು ಅತ್ತಿಗೆಯ ಮೇಲೆ, ಆಮೇಲೆ ತೆರೆದ ಡಬ್ಬದ ಮೇಲೆ, ನೆಲದಲ್ಲಿ ಚೆಲ್ಲಿದ ಹೊಟ್ಟಿನ ಮೇಲೆ ಹೋಯಿತು.

ಸಾಹೇಬರು ಅವನ ಮುಖವನ್ನೇ ನೋಡುತ್ತಿದ್ದರು. ಅಲ್ಲಿ ಅಚ್ಚರಿ ಇರಲಿಲ್ಲ.

"ನಿನಗೆ ಗೊತ್ತಿತ್ತು," ಎಂದರು.

"ಮಂಗಳವಾರ, ಮೊದಲನೇ ಬುಟ್ಟಿಗೇ ಗೊತ್ತಾಯ್ತು. ಇಳಿಸೋವಾಗ ಹಗುರ, ಏರಿಸೋವಾಗ ಭಾರ. ಹತ್ತು ವರ್ಷ ಹಗ್ಗ ಹಿಡಿದೋನಿಗೆ ಅಷ್ಟು ಗೊತ್ತಾಗಲ್ವಾ? ಮುಚ್ಚಳ ತೆಗೆದು ನೋಡ್ದೆ. ಗಂಟೂ ನೋಡ್ದೆ."

"ಗೊತ್ತಿದ್ದೂ ಯಾಕೋ ಸುಮ್ನಿದ್ದೆ?" ಅತ್ತಿಗೆ ಎದ್ದು ಬಂದು ಅವನ ಅಂಗಿ ಹಿಡಿದಳು. "ಅವರ ಮುಖಕ್ಕೆ ಹಿಡೀಬಾರದಿತ್ತಾ ಆ ಹೊಟ್ಟನ್ನ?"

"ಅಣ್ಣ ತಾನಾಗಿ ಹೇಳ್ಲಿ ಅಂತ ಕಾಯ್ತಿದ್ದೆ. ಭಾರ ಅಂತ ಕೂಗ್ತಾನೇ ಇದ್ದೆ. ಸಾಕು, ತಮಾಷೆ ಮಾಡ್ದೆ ಕಣೋ ಅಂತ ಒಂದ್ಸಲ ಅಂದಿದ್ರೆ..." ಅವನು ನಿಲ್ಲಿಸಿದ.

ಅವಳ ಹಿಡಿತ ಬಿಗಿಯಾಯಿತು. ಈಗ ಅವಳು ಬೇಡುವ ದನಿಯಲ್ಲಿ ಕೇಳಿದಳು. "ನಾನು ಅಂದಿದ್ದಕ್ಕೇ ತಾನೇ ನಿನ್ನ ಕೈ ಸಡಿಲ ಆಗಿದ್ದು? ಹೇಳಿದೀನಿ ಎಲ್ಲಾರ ಮುಂದೆ. ನನ್ನ ಮಾತಿಗೇ ತಾನೇ? ಹೌದು ಅನ್ನೋ."

ಮೂರು ದಿನ ಯಾವ ಮಾತಿನ ಪಾಪದಿಂದ ಓಡುತ್ತಿದ್ದಳೋ ಅದೇ ಪಾಪವನ್ನು ಈಗ ತನ್ನ ಮಡಿಲಿಗೆ ಹಾಕು ಎಂದು ಸೆರಗೊಡ್ಡಿದ್ದಳು.

ಕಿರಿಯ ತಲೆ ಅಲ್ಲಾಡಿಸಿದ. "ಇಲ್ಲ ಅತ್ತಿಗೆ. ನೀವು ಬಾಯಿ ತೆಗೆಯೋಕೆ ಮುಂಚೆನೇ ಬುಟ್ಟಿ ಹೊರಟಿತ್ತು. ನಿಮ್ಮದೇನೂ ಇಲ್ಲ. ನಾನೇ ಬಿಟ್ಟೆ. ಡಬ್ಬ ಹಗುರ ಅಂತ ಗೊತ್ತಿದ್ದೇ ಬಿಟ್ಟೆ."

ಹೆಡ್ ತಾನು ಎಳೆದ ಗೆರೆಯನ್ನು ನೋಡಿದ. ಅತ್ತಿಗೆಯ ಕೈ ಅಂಗಿಯಿಂದ ಜಾರಿತು.

"ಕೈ ಇತ್ತ ಕೊಡು," ಎಂದರು ಸಾಹೇಬರು.

"ಬರೀ ಬೊಬ್ಬೆ."

"ಕೊಡು."

ಕಿರಿಯ ಹಿಂದೆ ಸರಿದ. ಪೊಲೀಸಿನವನು ಹಿಂದಿನಿಂದ ತಡೆದ. ಸಾಹೇಬರು ಬಟ್ಟೆಯ ಸುತ್ತನ್ನು ಒಂದೊಂದಾಗಿ ಬಿಚ್ಚಿದರು. ಕೊನೆಯ ಸುತ್ತು ಚರ್ಮಕ್ಕೆ ಅಂಟಿತ್ತು. ಅದು ಬಿಡುವಾಗ ಅವನು ತುಟಿ ಕಚ್ಚಿಕೊಂಡ.

ಬೊಬ್ಬೆಗಳಿದ್ದವು. ಆದರೆ ಅವುಗಳ ಮೇಲಿಂದ, ಎರಡೂ ಅಂಗೈಯ ಉದ್ದಕ್ಕೂ, ಹಗ್ಗದಷ್ಟೇ ದಪ್ಪದ ಒಂದೊಂದು ಗುಳಿ. ಚರ್ಮ ಸುಟ್ಟು, ಹರಿದು, ಒಳಗಿನ ಕೆಂಪು ಕಾಣುತ್ತಿತ್ತು. ಮುಷ್ಟಿ ಬಿಗಿಹಿಡಿದಿದ್ದಾಗಲೇ ಹಗ್ಗ ಓಡಿಹೋದರೆ ಮಾತ್ರ ಬೀಳುವ ಗುಳಿ.

ಯಜಮಾನ ಇಣುಕಿ ನೋಡಿ ಮುಖ ತಿರುಗಿಸಿದ.

"ಬಿಟ್ಟವನ ಕೈ ಸುಡಲ್ಲ ಕಣೋ," ಎಂದರು ಸಾಹೇಬರು ಮೆಲ್ಲಗೆ. "ಚರ್ಮ ಕಿತ್ತು ಬರೋವರೆಗೂ ಹಿಡಿದಿದ್ದೀಯ ನೀನು. ಹಿಡಿದೋನು ಬಿಟ್ಟೆ ಅಂತ ಯಾಕೆ ಹೇಳ್ತಿದ್ದೀಯ? ಹಿಡಿದ ಹಗ್ಗ ಅಂದ್ರೆ ಬುಟ್ಟಿ ಮೂರಕ್ಕಿಂತ ನಿಧಾನ ಇಳಿದಿರುತ್ತೆ, ನಿಮ್ಮಣ್ಣ ಗೂಡು ಸೇರ್ಬೋದಿತ್ತು. ಬುಟ್ಟಿ ಇಳಿಯೋವಾಗ ತಳದಲ್ಲಿ ಏನು ನೋಡ್ದೆ?"

ಜೀಪು ಹಾರ್ನ್ ಹೊಡೆಯಿತು. ಮೂರು ಗಂಟೆ.

ಕಿರಿಯ ಬಾವಿಯ ಬಾಯಿಯ ಕಡೆ ಒಮ್ಮೆ ನೋಡಿದ. ಅತ್ತಿಗೆಯ ಕಡೆ ನೋಡಲಿಲ್ಲ. ಆ ಸುಟ್ಟ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಮುಷ್ಟಿ ಮುಚ್ಚಿದ.

"ನಾನೇ ಬಿಟ್ಟೆ," ಎಂದ.